ಬ್ರಿಟನಿಯ ಹಳೆಯ ಮ್ಯಾನರ್ ಮನೆಗಳು: ಕಟ್ಟಿದ ಬಗೆ, ಕಾಯುವ ಕಾನೂನು – ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಪಶ್ಚಿಮ ತುದಿಯಲ್ಲಿರುವ ಬ್ರಿಟನಿಗೆ ಹೋದವರು ಕಡಲತೀರ, ಚರ್ಚು, ದೀಪಸ್ತಂಭ ನೋಡಿ ಬರುತ್ತಾರೆ. ಹಳ್ಳಿ ದಾರಿಯ ಪಕ್ಕದಲ್ಲಿ ಮರಗಳ ಹಿಂದೆ ನಿಂತಿರುವ ಕಲ್ಲಿನ ಮನೆಗಳು ಕಣ್ಣಿಗೆ ಬೀಳುವುದು ಕಡಿಮೆ. ಆ ಮನೆಗಳ ಬಗ್ಗೆ ಪ್ರವಾಸ ಹೊರಟವರು, ಆರ್ಕಿಟೆಕ್ಚರ್ ಓದುವವರು, ಒಮ್ಮೊಮ್ಮೆ ಕೊಳ್ಳುವ ಕನಸು ಕಾಣುವವರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಬ್ರಿಟನಿ ಅಂದರೆ ಬ್ರಿಟನ್ನಾ?

ಅಲ್ಲ. ಇದು ಫ್ರಾನ್ಸಿನ ಒಂದು ಪ್ರಾಂತ್ಯ. ಮೊದಲು ತನ್ನದೇ ಡ್ಯೂಕ್ ಇದ್ದ ಸ್ವತಂತ್ರ ಸಂಸ್ಥಾನವಾಗಿತ್ತು. 1532ರಲ್ಲಿ ಫ್ರಾನ್ಸಿಗೆ ಸೇರಿತು. ಅಲ್ಲಿನ ಬ್ರೆಟನ್ ಭಾಷೆ ವೆಲ್ಶ್ ಭಾಷೆಯ ನೆಂಟ, ಫ್ರೆಂಚಿನದಲ್ಲ.

ಮ್ಯಾನರ್ ಅಂದರೆ ಅರಮನೆಯಾ, ಕೋಟೆಯಾ?

ಎರಡೂ ಅಲ್ಲ. ಸಣ್ಣ ಜಮೀನ್ದಾರನ ಮನೆ. ನಮ್ಮ ಕರಾವಳಿಯ ಗುತ್ತಿನ ಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವಾಸ, ಬೇಸಾಯದ ಮೇಲ್ವಿಚಾರಣೆ, ಗೇಣಿ ವಸೂಲಿ, ಊರಿನ ಎದುರು ಅಂತಸ್ತು ತೋರಿಸುವುದು, ಎಲ್ಲ ಒಂದೇ ಅಂಗಳದಲ್ಲಿ. ಎಷ್ಟೋ ಮ್ಯಾನರ್‌ಗಳು ಪಕ್ಕದ ರೈತನ ಮನೆಗಿಂತ ಸ್ವಲ್ಪವೇ ದೊಡ್ಡವು. ವ್ಯತ್ಯಾಸ ಇರುವುದು ಬಾಗಿಲ ಮೇಲಿನ ಕೆತ್ತನೆಯಲ್ಲಿ, ಗೋಪುರದಲ್ಲಿ, ಕುಲಲಾಂಛನದಲ್ಲಿ.

ಇಷ್ಟೊಂದು ಮ್ಯಾನರ್‌ಗಳು ಅಲ್ಲಿ ಹೇಗೆ ಬಂದವು?

ಬ್ರಿಟನಿಯಲ್ಲಿ ಕೆಳಹಂತದ ಕುಲೀನರು ತುಂಬಾ ಜಾಸ್ತಿ ಇದ್ದರು. ಕೆಲವು ಕಡೆ ಒಂದೇ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರಿನಲ್ಲಿ, ಹತ್ತಾರು ಮ್ಯಾನರ್‌ಗಳು ಸಿಗುತ್ತವೆ. 1341ರಿಂದ 1364ರವರೆಗೆ ಡ್ಯೂಕ್ ಪಟ್ಟಕ್ಕಾಗಿ ನಡೆದ ಯುದ್ಧದಲ್ಲಿ ನಾಡು ಹಾಳಾಗಿತ್ತು. 15ನೇ ಶತಮಾನದಲ್ಲಿ, ಅದರಲ್ಲೂ 1399ರಿಂದ 1442ರವರೆಗೆ ಆಳಿದ 5ನೇ ಜಾನ್ ಕಾಲದಲ್ಲಿ, ವ್ಯಾಪಾರ ಚಿಗುರಿತು, ಕೈಯಲ್ಲಿ ದುಡ್ಡು ಆಡಿತು. ಈಗ ಕಾಣುವ ಹಳೆಯ ಮ್ಯಾನರ್‌ಗಳಲ್ಲಿ ಬಹಳಷ್ಟು 15 ಮತ್ತು 16ನೇ ಶತಮಾನದವು.

ತೆರಿಗೆಯ ಲೆಕ್ಕವೂ ಇತ್ತು. ಒಲೆಗೆ ಇಷ್ಟು ಎಂದು ವಸೂಲಾಗುತ್ತಿದ್ದ ತೆರಿಗೆ ಕುಲೀನರಿಗೆ ಇರಲಿಲ್ಲ. ಮ್ಯಾನರ್‌ನ ಜಮೀನು ಗೇಯುವ ಒಕ್ಕಲಿಗೂ ಆ ವಿನಾಯಿತಿ ಸಿಗುತ್ತಿತ್ತು. ಹಾಗಾಗಿ ಯಾವುದು ನಿಜವಾಗಿ ಕುಲೀನರ ಮನೆ, ಯಾವುದು ಅಲ್ಲ ಎಂದು ಡ್ಯೂಕ್‌ನ ಅಧಿಕಾರಿಗಳು 1426ರಿಂದ ಊರೂರು ತಿರುಗಿ ಪಟ್ಟಿ ಮಾಡಿದರು. ಇವತ್ತಿನ ಇತಿಹಾಸಕಾರರು ಮೊದಲು ಕೈ ಹಾಕುವ ದಾಖಲೆಗಳಲ್ಲಿ ಇದೂ ಒಂದು.

ಇನ್ನೊಂದು ವಿಚಿತ್ರ ಪದ್ಧತಿಯೂ ಇತ್ತು. ಬ್ರಿಟನಿಯ ಬಡ ಕುಲೀನ ತನ್ನ ಕುಲೀನತನವನ್ನು "ಮಲಗಿಸಿ" ವ್ಯಾಪಾರಕ್ಕೆ ಇಳಿಯಬಹುದಿತ್ತು. ದುಡ್ಡು ಮಾಡಿಕೊಂಡ ಮೇಲೆ ಮತ್ತೆ ಎಬ್ಬಿಸಬಹುದಿತ್ತು. ಹಾಗೆ ಬಂದ ದುಡ್ಡಲ್ಲಿ ಹಳೆ ಮನೆಗೆ ಹೊಸ ಗೋಪುರ ಏರಿದ್ದರೆ ಆಶ್ಚರ್ಯ ಇಲ್ಲ.

ಒಳಗೆ ಏನೇನಿರುತ್ತದೆ?

ಮನೆಯ ಜೀವಾಳ ದೊಡ್ಡ ಹಜಾರ. ಹಳೆಯ ಮ್ಯಾನರ್‌ಗಳಲ್ಲಿ ಇದರ ಮೇಲೆ ಮಹಡಿ ಇರುತ್ತಿರಲಿಲ್ಲ. ನೆಲದಿಂದ ಸೂರಿನವರೆಗೆ ಖಾಲಿ, ಮೇಲೆ ಓಕ್ ಮರದ ತೊಲೆಗಳು. ಒಂದು ಬದಿಯಲ್ಲಿ ಆಳೆತ್ತರದ ಕಲ್ಲಿನ ಅಗ್ಗಿಷ್ಟಿಕೆ. ಊಟ, ನ್ಯಾಯ ತೀರ್ಮಾನ, ಗೇಣಿ ಲೆಕ್ಕ, ಹಬ್ಬ, ಎಲ್ಲ ಇಲ್ಲೇ. ಹಜಾರದ ಒಂದು ತುದಿ ಯಜಮಾನನದು. ಅದರ ಆಚೆ ಅವನ ಖಾಸಗಿ ಕೋಣೆಗಳು ಒಂದರ ಮೇಲೊಂದು. ಇನ್ನೊಂದು ತುದಿ ಅಡುಗೆಯವರು, ಆಳುಗಳು ಓಡಾಡುವ ಕಡೆ. ಯಾರು ಎಲ್ಲಿವರೆಗೆ ಬರಬಹುದು ಅನ್ನುವುದನ್ನು ಮನೆಯ ನಕ್ಷೆಯೇ ಹೇಳುತ್ತದೆ.

ಕಾಲ ಬದಲಾದಂತೆ ಜನರಿಗೆ ಬೆಚ್ಚಗಿನ ಸಣ್ಣ ಕೋಣೆಗಳು ಬೇಕಾದವು. 16 ಮತ್ತು 17ನೇ ಶತಮಾನದಲ್ಲಿ ಎಷ್ಟೋ ಹಜಾರಗಳ ನಡುವೆ ಮಹಡಿ ಹಾಕಿದರು. ಹಾಗಾಗಿ ಈಗ ಒಳಗೆ ಹೋದರೆ ಆ ಎತ್ತರ ಕಾಣುವುದಿಲ್ಲ. ಗುರುತು ಬೇಕಾದರೆ ಅಟ್ಟಕ್ಕೆ ಹತ್ತಬೇಕು. ಯಾರೂ ನೋಡದ ಅಟ್ಟದಲ್ಲಿ ನುಣುಪಾಗಿ ಕೆತ್ತಿದ ತೊಲೆಗಳು, ಹೊಗೆ ಹಿಡಿದ ಮರ ಇದ್ದರೆ ಅವು ಒಮ್ಮೆ ಕೆಳಗಿಂದ ಕಾಣಲೆಂದೇ ಮಾಡಿದವು. ಒಂದು ಮ್ಯಾನರ್ ಓದುವುದಿದ್ದರೆ ಮುಂಬಾಗಿಲಿಗಿಂತ ಅಟ್ಟದಲ್ಲೇ ಜಾಸ್ತಿ ಸಿಗುತ್ತದೆ ಅನ್ನುವುದು ನನ್ನ ಅನಿಸಿಕೆ.

ಪ್ರತಿ ಮ್ಯಾನರ್‌ಗೂ ಒಂದು ಗೋಪುರ ಯಾಕೆ?

ಅದು ಕಾವಲಿಗಲ್ಲ, ಮೆಟ್ಟಿಲಿಗೆ. ದುಂಡಗಿನ ಅಥವಾ ಬಹುಕೋನದ ಗೋಪುರದೊಳಗೆ ಕಲ್ಲಿನ ಸುರುಳಿ ಮೆಟ್ಟಿಲು ಇರುತ್ತದೆ. ಅದು ಕೆಳಗಿನ ಹಜಾರವನ್ನೂ ಮೇಲಿನ ಕೋಣೆಗಳನ್ನೂ ಸೇರಿಸುತ್ತದೆ. ಗೋಪುರದ ತಲೆಯ ಮೇಲೆ ಹಲವು ಕಡೆ ಇನ್ನೊಂದು ಪುಟ್ಟ ಕೋಣೆ ಇದೆ. ಅಲ್ಲಿಗೆ ಹೋಗಲು ಗೋಡೆಗೆ ಅಂಟಿಕೊಂಡ ಇನ್ನೂ ಸಣ್ಣ ಗೋಪುರ, ಅದರಲ್ಲಿ ಮೈ ಹಿಡಿ ಮಾಡಿ ಹತ್ತುವ ಮೆಟ್ಟಿಲು. ದೂರದಿಂದ ಕಂಡರೆ ಇದು ಕುಲೀನರ ಮನೆ ಎಂದು ಗೊತ್ತಾಗಲಿ ಅನ್ನುವ ಉದ್ದೇಶವೂ ಇತ್ತು.

ಗೋಡೆಯಲ್ಲಿ ಗುಂಡು ಹಾರಿಸುವ ಕಿಂಡಿಗಳಿವೆಯಲ್ಲ?

ಹೌದು, ಹೆಬ್ಬಾಗಿಲ ಪಕ್ಕದಲ್ಲಿ ಚಿಕ್ಕ ದುಂಡು ಕಿಂಡಿಗಳು ಆಗಾಗ ಕಾಣುತ್ತವೆ. ಸೈನ್ಯ ಬಂದರೆ ಅವು ಏನೂ ಮಾಡಲಾರವು. ಕಳ್ಳರಿಗೆ, ಪುಂಡರಿಗೆ ಹೆದರಿಕೆ ಇರಲಿ ಅಂತ. 16ನೇ ಶತಮಾನದ ಕೊನೆಯಲ್ಲಿ ಕ್ಯಾಥೊಲಿಕರು, ಪ್ರೊಟೆಸ್ಟಂಟರು ಕಾದಾಡಿದ ದಿನಗಳಲ್ಲಿ ಆ ಹೆದರಿಕೆಗೆ ಕಾರಣವೂ ಇತ್ತು. ಲಾ ಫೋಂತನೆಲ್ ಎಂಬ ಕುಲೀನ ದರೋಡೆಕೋರ ಬ್ರಿಟನಿಯ ಪಶ್ಚಿಮ ಭಾಗವನ್ನು ಸುಲಿದಿದ್ದ. ಅವನನ್ನು 1602ರಲ್ಲಿ ಪ್ಯಾರಿಸ್ಸಿನಲ್ಲಿ ಚಕ್ರಕ್ಕೆ ಕಟ್ಟಿ ಕೊಂದರು.

ಯಾವ ಕಲ್ಲು, ಯಾವ ಗಾರೆ?

ಹತ್ತಿರ ಸಿಕ್ಕ ಕಲ್ಲು. ಕೆಲವು ಕಡೆ ಗ್ರಾನೈಟ್, ಕೆಲವು ಕಡೆ ಪದರ ಪದರವಾಗಿ ಏಳುವ ಶಿಸ್ಟ್. ಸೂರಿಗೆ ಸ್ಲೇಟ್. ಬ್ರೆಸ್ಟ್ ಕೊಲ್ಲಿಯ ಸುತ್ತ ಕೆರ್ಸಾಂತೊ ಎಂಬ ಕಪ್ಪು-ಬೂದು ಕಲ್ಲು ಸಿಗುತ್ತದೆ. ತುಂಬಾ ನಯ, ಕೆತ್ತಲು ಒಳ್ಳೆಯದು, ಮಳೆಗೂ ಜಗ್ಗುವುದಿಲ್ಲ. ಬಾಗಿಲ ಚೌಕಟ್ಟು, ಲಾಂಛನ, ಪ್ರತಿಮೆಗಳಿಗೆ ಅದನ್ನೇ ಆರಿಸುತ್ತಿದ್ದರು.

ಗೋಡೆಯ ಒಳಗುಟ್ಟು ಬೇರೆ ಇದೆ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಚೂರು ಕಲ್ಲು ಮತ್ತು ಮಣ್ಣು. ಎಷ್ಟೋ ಮ್ಯಾನರ್‌ಗಳ ಗೋಡೆ ನಿಂತಿರುವುದು ಸುಣ್ಣಕ್ಕಿಂತ ಹೆಚ್ಚಾಗಿ ಮಣ್ಣಿನ ಗಾರೆಯ ಮೇಲೆ.

ಹಾಗಾದರೆ ಸಿಮೆಂಟ್ ಹಾಕಿ ಗಟ್ಟಿ ಮಾಡಬಾರದೇ?

ಬೇಡ. ಮಣ್ಣು, ಸುಣ್ಣದ ಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಮಣ್ಣಿನ ಗಾರೆ ಸಡಿಲವಾಗುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ, ಗೋಡೆಯೊಳಗೆ ಹುಗಿದ ತೊಲೆಯ ತುದಿ ಕೊಳೆಯುತ್ತದೆ. ಬ್ರಿಟನಿಯ ಮಳೆಗೆ ಇದೆಲ್ಲ ಬೇಗ ಆಗುತ್ತದೆ.

ಕಲ್ಲು ಎದ್ದು ಕಾಣಲಿ ಎಂದು ಹಳೆಯ ಗಿಲಾವು ಕೆತ್ತಿ ತೆಗೆಯುವ ಗೀಳು ಸುಮಾರು ದಶಕಗಳ ಹಿಂದೆ ಶುರುವಾಯಿತು. ಚೆನ್ನಾಗಿ ಕೆತ್ತಿದ ಕಲ್ಲನ್ನು ಮೊದಲಿನಿಂದಲೂ ತೋರಿಸುತ್ತಿದ್ದರು, ಸರಿ. ಒರಟು ಕಲ್ಲಿನ ಗೋಡೆಗೆ ಮಾತ್ರ ಸುಣ್ಣದ ಹೊದಿಕೆ ಇರುತ್ತಿದ್ದದ್ದೇ ಹೆಚ್ಚು. ಅದನ್ನು ಕಿತ್ತು "ಹಳೆ ಕಾಲದ ಅಂದ" ಅಂತ ಸಂಭ್ರಮಿಸುವುದು ತಮಾಷೆಯ ವಿಷಯ ಅಲ್ವಾ?

ಅಂಗಳದಲ್ಲಿರುವ ದುಂಡು ಕಟ್ಟಡ ಬಾವಿಯಾ, ಕಣಜವಾ?

ಬಹುಶಃ ಪಾರಿವಾಳದ ಗೂಡು. ಒಳಗಿನ ಗೋಡೆ ತುಂಬ ಸಾಲುಸಾಲು ಗೂಡುಗಳು. ನಡುವೆ ತಿರುಗುವ ಕಂಬ, ಅದಕ್ಕೆ ಕಟ್ಟಿದ ಏಣಿ. ಏಣಿ ಮೇಲೆ ನಿಂತು ಸುತ್ತ ತಿರುಗುತ್ತಾ ಮರಿ, ಮೊಟ್ಟೆ ತೆಗೆಯಬಹುದು. ಹಿಕ್ಕೆ ಹೊಲಕ್ಕೆ ಗೊಬ್ಬರ.

ಇದನ್ನು ಯಾರೆಂದರೆ ಅವರು ಕಟ್ಟುವಂತಿರಲಿಲ್ಲ. ಬ್ರಿಟನಿಯ ಕಟ್ಟಳೆಯ ಪ್ರಕಾರ ಮನೆಯ ಸುತ್ತ 300 ಜುರ್ನಾಲ್ ಜಮೀನು ಬೇಕಿತ್ತು. ಒಂದು ಜುರ್ನಾಲ್ ಹೆಚ್ಚು ಕಡಿಮೆ ಅರ್ಧ ಹೆಕ್ಟೇರ್. ಯಜಮಾನನ ಪಾರಿವಾಳಗಳು ರೈತನ ಹೊಲದ ಕಾಳು ತಿಂದರೂ ರೈತ ಕೈ ಎತ್ತುವಂತಿಲ್ಲ. ಆ ಸಿಟ್ಟು ಎಷ್ಟಿತ್ತೆಂದರೆ, 1789ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಸಭೆ ಜಮೀನ್ದಾರಿ ಹಕ್ಕುಗಳನ್ನು ರದ್ದು ಮಾಡಿದಾಗ ಪಾರಿವಾಳದ ಗೂಡಿನ ಹಕ್ಕನ್ನು ಎರಡನೇ ಕಲಮಿನಲ್ಲೇ ಕಿತ್ತುಹಾಕಿತು.

ಕ್ರಾಂತಿ ಆದ ಮೇಲೂ ಇಷ್ಟು ಮನೆಗಳು ಹೇಗೆ ಉಳಿದವು?

ಬಡತನದಿಂದ. ಕುಲೀನರು ಪೇಟೆಗೆ ಹೋದರು, ಇಲ್ಲವೇ ದೊಡ್ಡ ಮನೆ ಕಟ್ಟಿಕೊಂಡರು. ಮ್ಯಾನರ್ ಗೇಣಿ ರೈತನ ಪಾಲಾಯಿತು. ಹಜಾರದಲ್ಲಿ ಹುಲ್ಲು, ಕೆಳಗಿನ ಕೋಣೆಯಲ್ಲಿ ದನ, ಅಗ್ಗಿಷ್ಟಿಕೆಯ ಮುಂದೆ ಆಲೂಗಡ್ಡೆ ರಾಶಿ. ರೈತನ ಹತ್ತಿರ ಕೆಡವಿ ಹೊಸದು ಕಟ್ಟುವಷ್ಟು ದುಡ್ಡಿರಲಿಲ್ಲ. ಫ್ಯಾಷನ್ನಿಗೆ ತಕ್ಕಂತೆ ಬದಲಿಸುವ ಗೋಜೂ ಇರಲಿಲ್ಲ. ಹಾಗಾಗಿ 15ನೇ ಶತಮಾನದ ಕಿಟಕಿ ಹಾಗೇ ಉಳಿಯಿತು. ಶ್ರೀಮಂತರ ಕೈಯಲ್ಲಿ ಉಳಿದ ಮನೆಗಳೇ ಹೆಚ್ಚು ಬದಲಾಗಿವೆ.

ಹಾಳಾದದ್ದೂ ಉಂಟು. ಕೆತ್ತನೆಯ ಅಗ್ಗಿಷ್ಟಿಕೆಗಳು ಕಳಚಿ ಮಾರಾಟವಾದವು. 1950ರ ನಂತರ ಹೊಲಗಳನ್ನು ಒಟ್ಟುಗೂಡಿಸುವ ಸರ್ಕಾರಿ ಯೋಜನೆಯಲ್ಲಿ ಬದು, ಬೇಲಿ, ಮನೆಗೆ ಹೋಗುವ ಸಾಲುಮರದ ದಾರಿಗಳು ಹೋದವು. ಉಳಿದ ಮರಗಳಲ್ಲಿ ಬಹಳಷ್ಟನ್ನು 1987ರ ಅಕ್ಟೋಬರ್ ಬಿರುಗಾಳಿ ಒಂದೇ ರಾತ್ರಿಯಲ್ಲಿ ಉರುಳಿಸಿತು.

ಮನೆಯ ವಯಸ್ಸು ಹೇಗೆ ಹೇಳುತ್ತಾರೆ?

ಕಿಟಕಿಯ ಆಕಾರ, ಬಾಗಿಲ ಕಮಾನು ನೋಡಿ ಅಂದಾಜು ಹೇಳಬಹುದು. ಗಟ್ಟಿ ಪುರಾವೆ ಬೇಕಾದರೆ ಸೂರಿನ ಓಕ್ ತೊಲೆಯಿಂದ ತೆಳ್ಳಗಿನ ಮಾದರಿ ಕೊರೆದು ಮರದ ಉಂಗುರ ಎಣಿಸುತ್ತಾರೆ. ತೊಗಟೆಯ ಅಂಚು ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ. ಆ ಕಾಲದಲ್ಲಿ ಹಸಿ ಮರವನ್ನೇ ಬಳಸುತ್ತಿದ್ದರಿಂದ ಸೂರು ಏರಿದ್ದೂ ಹೆಚ್ಚು ಕಡಿಮೆ ಆಗಲೇ. ಬಾಗಿಲ ಮೇಲೆ ಕೆತ್ತಿದ ವರ್ಷವನ್ನು ಸುಮ್ನೆ ನಂಬಬೇಡಿ. ಅದು ದುರಸ್ತಿಯ ವರ್ಷವಾಗಿರಬಹುದು, ಕಲ್ಲೇ ಬೇರೆ ಮನೆಯದಾಗಿರಬಹುದು.

ಕಾನೂನಿನ ರಕ್ಷಣೆ ಅಂದರೆ ಏನು?

ಫ್ರಾನ್ಸಿನಲ್ಲಿ ಸ್ಮಾರಕಗಳ ಇನ್ಸ್‌ಪೆಕ್ಟರ್ ಜನರಲ್ ಹುದ್ದೆ 1830ರಲ್ಲಿ ಹುಟ್ಟಿತು. ಎರಡನೆಯವನಾಗಿ 1834ರಲ್ಲಿ ಬಂದ ಲೇಖಕ ಪ್ರೊಸ್ಪೆರ್ ಮೆರಿಮೆ ಮರುವರ್ಷವೇ ಬ್ರಿಟನಿ ಸುತ್ತಿದ. ಮೊದಲ ಪಟ್ಟಿ 1840ರದು. ಈಗಿನ ವ್ಯವಸ್ಥೆಗೆ ಬುನಾದಿ 1913ರ ಡಿಸೆಂಬರ್ 31ರ ಕಾನೂನು. ದೇಶದಲ್ಲಿ ಈಗ ಸುಮಾರು 45,000 ಕಟ್ಟಡಗಳಿಗೆ ರಕ್ಷಣೆ ಇದೆ.

ಎರಡು ದರ್ಜೆಗಳಿವೆ. ಮೇಲಿನದು "ಕ್ಲಾಸೆ". ದೇಶದ ಮಟ್ಟದಲ್ಲಿ ಮಹತ್ವದ್ದು ಎಂದು ಸಂಸ್ಕೃತಿ ಸಚಿವಾಲಯ ಘೋಷಿಸುತ್ತದೆ. ಅನುಮತಿ ಇಲ್ಲದೆ ಕೆಡವುವಂತಿಲ್ಲ, ಜಾಗ ಬದಲಿಸುವಂತಿಲ್ಲ, ದುರಸ್ತಿಯನ್ನೂ ಮಾಡುವಂತಿಲ್ಲ. ಕೆಳಗಿನದು "ಆಂಸ್ಕ್ರಿ", ಅಂದರೆ ಪಟ್ಟಿಗೆ ಸೇರಿದ್ದು. ಇದನ್ನು ಪ್ರಾಂತ್ಯದ ಪ್ರಿಫೆಕ್ಟ್, ಅಂದರೆ ಅಲ್ಲಿ ಕೇಂದ್ರ ಸರ್ಕಾರದ ಪ್ರತಿನಿಧಿ, ಆದೇಶ ಹೊರಡಿಸಿ ಮಾಡುತ್ತಾರೆ. ಕಟ್ಟಡ ಪರವಾನಗಿ ಬೇಕಾಗುವ ಕೆಲಸವಾದರೆ ಪರವಾನಗಿಯ ಜೊತೆಗೇ ಸಂಸ್ಕೃತಿ ಇಲಾಖೆಯ ಒಪ್ಪಿಗೆ ಬೇಕು. ಬೇರೆ ಕೆಲಸಕ್ಕೆ ನಾಲ್ಕು ತಿಂಗಳು ಮೊದಲೇ ತಿಳಿಸಬೇಕು. ಬ್ರಿಟನಿಯ ಮ್ಯಾನರ್‌ಗಳಲ್ಲಿ ಹೆಚ್ಚಿನವು ಈ ಎರಡನೇ ದರ್ಜೆಯವು.

ಬೇಕೆಂದೇ ಹಾಳು ಮಾಡಿದರೆ ಎರಡೂ ದರ್ಜೆಗೆ ಶಿಕ್ಷೆ ಒಂದೇ: 7 ವರ್ಷದವರೆಗೆ ಜೈಲು, 1,00,000 ಯೂರೋವರೆಗೆ ದಂಡ.

ಪಟ್ಟಿಯಲ್ಲಿ ಹೆಸರಿದ್ದರೆ ಇಡೀ ಮನೆಗೆ ರಕ್ಷಣೆ ಇದ್ದಂತೆಯೇ?

ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ಆದೇಶದಲ್ಲಿ ಏನು ಬರೆದಿದೆಯೋ ಅಷ್ಟಕ್ಕೆ ಮಾತ್ರ ರಕ್ಷಣೆ. ಒಂದು ಮ್ಯಾನರ್‌ಗೆ "ಹೊರಗೋಡೆಗಳು ಮತ್ತು ಸೂರು" ಎಂದಿರುತ್ತದೆ. ಇನ್ನೊಂದಕ್ಕೆ "ಮೆಟ್ಟಿಲು ಮತ್ತು ಹಜಾರದ ಅಗ್ಗಿಷ್ಟಿಕೆ". ಮತ್ತೊಂದಕ್ಕೆ ಬರೀ ಪಾರಿವಾಳದ ಗೂಡು, ಇಲ್ಲವೇ ಹೆಬ್ಬಾಗಿಲು. ಹಳೆಯ ಆದೇಶಗಳಲ್ಲಿ ಈ ಜಿಪುಣತನ ಜಾಸ್ತಿ. ಆಗ ಚಂದ ಕಾಣುವ ತುಣುಕನ್ನು ಆರಿಸಿ ಉಳಿದದ್ದನ್ನು ಬಿಟ್ಟರು.

ಪರಿಣಾಮ ಏನಾಯಿತು ನೋಡಿ. ಹೊರಗೋಡೆಗೆ ಮಾತ್ರ ರಕ್ಷಣೆ ಇದ್ದಾಗ ಒಳಗಿನ ಮರದ ಅಡ್ಡಗೋಡೆ, ಹಳೆ ನೆಲಹಾಸು, ಹೊಗೆ ಹಿಡಿದ ತೊಲೆ ಕಿತ್ತುಹೋದರೆ ಹೆಚ್ಚಿನವರ ಗಮನಕ್ಕೂ ಬರುವುದಿಲ್ಲ. ಮನೆಗೆ ರಕ್ಷಣೆ ಇದ್ದು ಕೊಟ್ಟಿಗೆ, ರೊಟ್ಟಿ ಸುಡುವ ಗೂಡು, ಸಾಲುಮರ ಹೊರಗುಳಿದರೆ, ಅಂಗಳವೇ ಇಲ್ಲದ ಒಂಟಿ ಮನೆ ಉಳಿಯುತ್ತದೆ. ಮ್ಯಾನರ್‌ನ ಅರ್ಥ ಇರುವುದು ಆ ಇಡೀ ಗುಂಪಿನಲ್ಲಿ. ಇತ್ತೀಚೆಗೆ ಅಂಗಳ, ಆವರಣದ ಗೋಡೆ, ಜಮೀನಿನ ತುಂಡುಗಳನ್ನೂ ಸೇರಿಸಿ ಆದೇಶ ಬರೆಯುವ ರೂಢಿ ಬೆಳೆದಿದೆ. ಅದು ಒಳ್ಳೆಯ ಬೆಳವಣಿಗೆ. ಯಾವುದೇ ಮ್ಯಾನರ್ ಬಗ್ಗೆ ಮಾತಾಡುವ ಮೊದಲು ಆ ಆದೇಶದ ಒಕ್ಕಣೆ ಓದಿ. ಸಂಸ್ಕೃತಿ ಸಚಿವಾಲಯದ "ಮೆರಿಮೆ" ದತ್ತಾಂಶ ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ಮಾಲೀಕ ಬೇಡ ಅಂದರೆ?

ಆಂಸ್ಕ್ರಿ ಮಾಡಲು ಮಾಲೀಕನ ಒಪ್ಪಿಗೆ ಕಡ್ಡಾಯ ಅಲ್ಲ. ಕ್ಲಾಸೆ ಮಾಡಲು ಒಪ್ಪಿಗೆ ಕೇಳುತ್ತಾರೆ. ಒಪ್ಪದಿದ್ದರೆ ಸರ್ಕಾರ ಉನ್ನತ ಆಡಳಿತ ನ್ಯಾಯಮಂಡಳಿಯ ಅಭಿಪ್ರಾಯ ಪಡೆದು ಬಲವಂತವಾಗಿ ಮಾಡಬಹುದು, ಆದರೆ ಅದು ಅಪರೂಪ. ನಾಳೆಯೇ ಕೆಡವುತ್ತಾರೆ ಅನ್ನುವ ತುರ್ತು ಇದ್ದರೆ ಇನ್ನೊಂದು ದಾರಿ ಇದೆ. ಸಚಿವರು ನೋಟಿಸ್ ಕೊಟ್ಟ ಕ್ಷಣದಿಂದ 12 ತಿಂಗಳು ಆ ಕಟ್ಟಡವನ್ನು ಕ್ಲಾಸೆ ಆದಂತೆಯೇ ನೋಡಬೇಕು. ಅಷ್ಟರೊಳಗೆ ತೀರ್ಮಾನ ಆಗಬೇಕು.

ಪಕ್ಕದ ಮನೆಯವರಿಗೂ ನಿಯಮ ಇದೆಯಾ?

ಇದೆ. 1943ರ ಕಾನೂನಿನಿಂದ ಸ್ಮಾರಕದ ಸುತ್ತ 500 ಮೀಟರ್ ವರ್ತುಲ ಬಂತು. ಅದರೊಳಗೆ, ಸ್ಮಾರಕದಿಂದ ಕಾಣುವ ಅಥವಾ ಸ್ಮಾರಕದ ಜೊತೆಗೇ ಕಣ್ಣಿಗೆ ಬೀಳುವ ಕಟ್ಟಡದಲ್ಲಿ ಕೆಲಸ ಮಾಡಲು ಸರ್ಕಾರಿ ಪರಂಪರೆ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು. 2016ರಿಂದ ಈ ದುಂಡು ವರ್ತುಲದ ಬದಲು ಸ್ಥಳಕ್ಕೆ ತಕ್ಕಂತೆ ಗಡಿ ಎಳೆಯುವುದಕ್ಕೆ ಒತ್ತು ಕೊಟ್ಟಿದ್ದಾರೆ. ಬಯಲಲ್ಲಿ ನಿಂತ ಮ್ಯಾನರ್‌ಗೆ ಇದು ಹೆಚ್ಚು ಸರಿ. ಗುಡ್ಡದ ಆಚೆಯವನಿಗೆ ಸುಮ್ನೆ ತೊಂದರೆ ಯಾಕೆ?

ಪ್ಲಾಸ್ಟಿಕ್ ಕಿಟಕಿ ಹಾಕಬಹುದಾ?

ರಕ್ಷಣೆ ಇರುವ ಹೊರಗೋಡೆಯಲ್ಲಿ ಒಪ್ಪಿಗೆ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಮರದ ಕಿಟಕಿಯನ್ನೇ ಮಾಡಿಸಬೇಕು.

ದುರಸ್ತಿಗೆ ದುಡ್ಡು ಯಾರು ಕೊಡುತ್ತಾರೆ?

ಮೊದಲು ಮಾಲೀಕ. ಕೆಲಸ ಮಾಡಿಸುವ ಹೊಣೆಯೂ ಅವನದೇ. ಸರ್ಕಾರ ಸಹಾಯಧನ ಕೊಡಬಹುದು, ಕೊಡಲೇಬೇಕು ಎಂದಿಲ್ಲ. ಆಂಸ್ಕ್ರಿ ಕಟ್ಟಡಕ್ಕೆ ಸರ್ಕಾರದ ಪಾಲು ಖರ್ಚಿನ 40% ದಾಟುವಂತಿಲ್ಲ, ಸಿಗುವುದು ಅದಕ್ಕಿಂತ ಕಡಿಮೆಯೇ.

ದೊಡ್ಡ ಆಸರೆ ಅಂದರೆ ಆದಾಯ ತೆರಿಗೆಯ ರಿಯಾಯಿತಿ. ದುರಸ್ತಿ ಖರ್ಚನ್ನು ಒಟ್ಟು ಆದಾಯದಿಂದ ಕಳೆಯಬಹುದು. ಜನರಿಗೆ ನೋಡಲು ತೆರೆದಿಟ್ಟರೆ ಲಾಭ ಇನ್ನೂ ಜಾಸ್ತಿ. ತೆರೆಯುವುದು ಅಂದರೆ ವರ್ಷಕ್ಕೆ 50 ದಿನ, ಅದರಲ್ಲಿ 25 ರಜಾದಿನಗಳು, ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲವೇ ಜುಲೈನಿಂದ ಸೆಪ್ಟೆಂಬರ್ ಒಳಗೆ 40 ದಿನ. ಜೊತೆಗೆ ಮನೆಯನ್ನು 15 ವರ್ಷ ಮಾರುವುದಿಲ್ಲ ಎಂದು ಒಪ್ಪಿಕೊಳ್ಳಬೇಕು.

ಯಾವ ಪಟ್ಟಿಯಲ್ಲೂ ಇಲ್ಲದ ಮ್ಯಾನರ್‌ಗಳ ಗತಿ?

ಅವೇ ಸಂಖ್ಯೆಯಲ್ಲಿ ಜಾಸ್ತಿ. ಆಂದ್ರೆ ಮಾಲ್ರೋ ಸಂಸ್ಕೃತಿ ಸಚಿವರಾಗಿದ್ದಾಗ 1964ರಲ್ಲಿ ದೇಶದ ಪರಂಪರೆಯ ಸಮೀಕ್ಷೆ ಶುರುವಾಯಿತು. ಮೊದಲು ಕೆಲಸ ಹಿಡಿದ ಪ್ರಾಂತ್ಯಗಳಲ್ಲಿ ಬ್ರಿಟನಿಯೂ ಒಂದು. ಊರೂರು ಸುತ್ತಿ ಅಳತೆ, ಫೋಟೊ, ದಾಖಲೆ ಮಾಡಿದರು. ಆದರೆ ಸಮೀಕ್ಷೆಯಲ್ಲಿ ಹೆಸರಿದ್ದರೆ ಕಾನೂನಿನ ರಕ್ಷಣೆ ಸಿಕ್ಕಂತಲ್ಲ. ಇಂಥ ಮನೆಗಳಿಗೆ 1996ರ ಕಾನೂನಿನಿಂದ ಹುಟ್ಟಿದ ಪರಂಪರೆ ಪ್ರತಿಷ್ಠಾನ ಮಾನ್ಯತೆ ಕೊಟ್ಟು ತೆರಿಗೆ ರಿಯಾಯಿತಿಗೆ ದಾರಿ ಮಾಡುತ್ತದೆ. 2018ರಿಂದ ಪರಂಪರೆಗೆಂದೇ ನಡೆಸುವ ಲಾಟರಿಯ ದುಡ್ಡೂ ಕೆಲವಕ್ಕೆ ಸಿಗುತ್ತಿದೆ. ಹಳ್ಳಿ ಮನೆಗಳ ದುರಸ್ತಿ ಬಗ್ಗೆ ಸಲಹೆ, ತರಬೇತಿ ಬೇಕಿದ್ದರೆ ಟಿಯೆಜ್ ಬ್ರೇಜ್ ಎಂಬ ಬ್ರೆಟನ್ ಸಂಘ ಇದೆ.

ಭಾರತೀಯರು ಕೊಳ್ಳಬಹುದಾ?

ಕೊಳ್ಳಬಹುದು, ಫ್ರಾನ್ಸಿನಲ್ಲಿ ಆಸ್ತಿ ಕೊಳ್ಳಲು ಪೌರತ್ವದ ತಡೆ ಇಲ್ಲ. ಆದರೆ ಆಸ್ತಿ ಇದೆ ಅಂತ ವೀಸಾ ಸಿಗುವುದಿಲ್ಲ. ಭಾರತದಿಂದ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ನಿಯಮಗಳೂ ಇವೆ. ಮನೆ ಕ್ಲಾಸೆ ಆಗಿದ್ದರೆ ಮಾರುವವರು ಅದನ್ನು ನಿಮಗೆ ಹೇಳಲೇಬೇಕು, ಮಾರಾಟವಾದ 15 ದಿನದೊಳಗೆ ಸರ್ಕಾರಕ್ಕೂ ತಿಳಿಸಬೇಕು. ಕೊಳ್ಳುವ ಬೆಲೆ ನೋಡಿ ಮರುಳಾಗಬೇಡಿ. ಸ್ಲೇಟ್ ಸೂರಿನ ದುರಸ್ತಿಗೆ ಎಷ್ಟಾಗುತ್ತದೆ ಎಂದು ಮೊದಲು ಕೇಳಿ.

ಒಳಗೆ ಹೋಗಿ ನೋಡಲು ಯಾವುದು ಒಳ್ಳೆಯದು?

ಸಾಂ-ಮಾಲೊ ಊರಿನ ರೊತೆನಫ್‌ನಲ್ಲಿ ಲಿಮೊಎಲೂ ಇದೆ. ಕೆನಡಾದ ಸೇಂಟ್ ಲಾರೆನ್ಸ್ ನದಿಯಲ್ಲಿ ಹಡಗು ನಡೆಸಿದ ಜಾಕ್ ಕಾರ್ಟಿಯೆಯ ಹಳ್ಳಿ ಮನೆ. ಅವನ ಮೊದಲ ಯಾನ 1534ರಲ್ಲಿ, ಸತ್ತದ್ದು 1557ರಲ್ಲಿ. ಮೂಲ ಮನೆ ಚಿಕ್ಕದು, ನಂತರದವರು ಸೇರಿಸಿದ ಭಾಗಗಳಿವೆ. ಕೆನಡಾದ ಪ್ರತಿಷ್ಠಾನವೊಂದು ಕೊಂಡು ದುರಸ್ತಿ ಮಾಡಿಸಿತು. ಮೊದಲ ಯಾನಕ್ಕೆ 450 ವರ್ಷ ತುಂಬಿದ 1984ರಲ್ಲಿ ಅದು ಮ್ಯೂಸಿಯಂ ಆಯಿತು. ಹಡಗಿನ ಕಪ್ತಾನನೊಬ್ಬ ಕುಲೀನನಂತೆ ಬಾಳಲು ಎಷ್ಟು ಸಾಕಾಗಿತ್ತು ಎಂದು ನೋಡಲು ಇದೇ ಸರಿ. ಅದೇ ಸುತ್ತಿನಲ್ಲಿ 18ನೇ ಶತಮಾನದ ವರ್ತಕರ ದೊಡ್ಡ ಮನೆಗಳೂ ಇವೆ. ಅವುಗಳಲ್ಲಿ ಕೆಲವಕ್ಕೆ ಭಾರತದ ವ್ಯಾಪಾರದ ದುಡ್ಡು ಹರಿದಿದೆ. ಅವು ಮ್ಯಾನರ್‌ಗಳಲ್ಲ, ಗೊಂದಲ ಬೇಡ.

ಫಿನಿಸ್ತೇರ್ ಜಿಲ್ಲೆಯ ದಕ್ಷಿಣದಲ್ಲಿ ಮೆಲಾಕ್ ಎಂಬಲ್ಲಿ ಕೆರ್ನೊ ಮ್ಯಾನರ್ ಇದೆ. ಇದು ಜಿಲ್ಲಾಡಳಿತದ ಸ್ವತ್ತು. ನನ್ನ ಆಯ್ಕೆ ಇದೇ, ಯಾಕೆಂದರೆ ಮನೆಯ ಜೊತೆಗೆ ಪ್ರಾರ್ಥನಾ ಮಂದಿರ, ಮರದ ಚೌಕಟ್ಟಿನ ಕಣಜ, ಸುತ್ತಲ ಹುಲ್ಲುಗಾವಲು, ತೋಪು ಎಲ್ಲ ಉಳಿದಿವೆ.

ಲೊಕ್ತುದಿಯ ಕೆರಾಜಾನ್ ಇನ್ನೊಂದು ಬಗೆ. ಕೊನೆಯ ಮಾಲೀಕ ಜೋಸೆಫ್ ಆಸ್ಟರ್ 1928ರಲ್ಲಿ ಮನೆ, ಚಿತ್ರಸಂಗ್ರಹ, ಜಮೀನು ಎಲ್ಲವನ್ನೂ ವಿದ್ವಾಂಸರ ಅಕಾಡೆಮಿಗಳ ಒಕ್ಕೂಟವಾದ ಫ್ರಾನ್ಸಿನ ಇನ್‌ಸ್ಟಿಟ್ಯೂಟ್‌ಗೆ ಉಯಿಲು ಬರೆದ. ಊರಿನ ಹುಡುಗಿಯರಿಗೆ ಕಸೂತಿ ಶಾಲೆ ನಡೆಸಬೇಕೆಂಬ ಷರತ್ತನ್ನೂ ಹಾಕಿದ್ದ.

ಖಾಸಗಿ ಮ್ಯಾನರ್‌ಗಳನ್ನು ನೋಡಬೇಕಿದ್ದರೆ ಸೆಪ್ಟೆಂಬರ್‌ನ ಮೂರನೇ ವಾರಾಂತ್ಯಕ್ಕೆ ಹೋಗಿ. 1984ರಲ್ಲಿ ಶುರುವಾದ ಪರಂಪರೆ ದಿನಗಳಂದು ಉಳಿದ ದಿನ ಬಾಗಿಲು ತೆರೆಯದ ಮಾಲೀಕರೂ ತೆರೆಯುತ್ತಾರೆ, ಕೆಲವರು ತಾವೇ ನಿಂತು ತೋರಿಸುತ್ತಾರೆ. ಅಟ್ಟಕ್ಕೆ ಹತ್ತಬಹುದಾ ಎಂದು ಕೇಳಿ ನೋಡಿ.